ಕಲ್ಲೂ ಬಿಂಬವೂ: ಬೆಂಗಳೂರು ಗ್ರಾಮಾಂತರದ ಶಾಸನಪ್ರತಿಗಳ ಚರಿತ್ರೆ

ಕನ್ನಡ ನಾಡಿನ ಪೂರ್ವಚರಿತ್ರೆಗೂ ಕನ್ನಡ ಭಾಷೆಯ ಬೆಳವಣಿಗೆಗೂ ಶಾಸನಗಳಿಗಿಂತ ಬಲವಾದ ಸಾಕ್ಷ್ಯವಿಲ್ಲವೆಂಬುದು ವಿದ್ವಾಂಸರೆಲ್ಲರೂ ಒಪ್ಪಿರುವ ಮಾತು. ಆದರೆ ಶಾಸನಗಳನ್ನು ಉದಾಹರಿಸುವವರಲ್ಲಿ ಬಹುಮಂದಿ ಆಯಾ ಶಾಸನದ ಕಲ್ಲನ್ನು ಕಂಡವರಲ್ಲ. ಅವರು ಕಂಡಿರುವುದು ಅಚ್ಚಾದ ಪಾಠವನ್ನು. ಆ ಪಾಠವನ್ನು ಸಿದ್ಧಗೊಳಿಸಿದವರು ಕಂಡದ್ದಾದರೂ ಎಷ್ಟೋ ವೇಳೆ ಕಾಗದದ ಮೇಲಣ ಪಡಿಯಚ್ಚನ್ನು, ಇಲ್ಲವೆ ಛಾಯಾಚಿತ್ರವನ್ನು, ಇಲ್ಲವೆ ಗುಮಾಸ್ತನೊಬ್ಬನು ಬಿಸಿಲಿನಲ್ಲಿ ಕುಳಿತು ಕಣ್ಣಳತೆಯಿಂದ ಬರೆದುಕೊಂಡು ತಂದ ನಕಲನ್ನು. ಹೀಗೆ ಕಲ್ಲಿಗೂ ಓದುವವನ ಕಣ್ಣಿಗೂ ನಡುವೆ ಯಾವುದಾದರೊಂದು ಸಾಧನವು ಯಾವಾಗಲೂ ನಿಂತಿದೆ. ಆ ಸಾಧನವು ಬದಲಾದಂತೆಲ್ಲ ಶಾಸನವೆಂದರೇನೆಂಬ ಭಾವನೆಯೂ, ಅದರಲ್ಲಿ ಜನರಿಟ್ಟ ನಂಬಿಕೆಯೂ, ಅದರ ಬಲದಿಂದ ಒಂದು ಊರು ತನ್ನನ್ನು ತಾನು ಗುರುತಿಸಿಕೊಳ್ಳುವ ರೀತಿಯೂ ಬದಲಾಗುತ್ತ ಬಂದಿವೆ. ಕಲ್ಲಿನ ಬಳಿಗೆ ಹೋಗದೆಯೇ ಅದನ್ನು ಸುತ್ತಿ ನೋಡುವಂತೆ ಮಾಡುವ ಯಂತ್ರಗಳು ಈಗ ಬಂದಿರುವುದರಿಂದ ಈ ಚರಿತ್ರೆಯನ್ನು ಒಂದು ಸಣ್ಣ ಪ್ರದೇಶಕ್ಕೆ ಸೀಮಿತಗೊಳಿಸಿ ಪರಿಶೀಲಿಸುವುದು ಉಚಿತವಾಗಿದೆ.

ಆ ಪ್ರದೇಶವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳದು. ಇವು ಮೊದಲು ಬೆಂಗಳೂರು ಜಿಲ್ಲೆಯಲ್ಲಿ ಸೇರಿದ್ದು, 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಭಾಗವಾದುವು; 2007ರಲ್ಲಿ ರಾಮನಗರವು ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ನಾಲ್ಕೇ ಉಳಿದುವು. ಇಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಆ ಸಂಪುಟದಲ್ಲಿ ಶಾಸನಗಳು ತಾಲ್ಲೂಕುವಾರಾಗಿ ಸಂಖ್ಯೆ ಹೊಂದಿರುವುದರಿಂದ 'ನೆಲಮಂಗಲ 60', 'ದೇವನಹಳ್ಳಿ' ಇಂತಿಷ್ಟು ಎಂದು ಹೇಳುವ ವಾಡಿಕೆ ಬೆಳೆದಿದೆ. ಹೊಲದ ಬದುವಿನಲ್ಲಿಯೋ ಕೆರೆಯ ತೂಬಿನ ಬಳಿಯೋ ನಿಂತ ಕಲ್ಲಿಗೆ ಹೀಗೆ ಒಂದು ಅಂಕಿಯು ಹೆಸರಾಗಿ ದೊರೆತುದು ಸಣ್ಣ ಸಂಗತಿಯಲ್ಲ. ಊರಿನವರಿಗೆ ಆ ಅಂಕಿ ತಿಳಿಯದು. ಆ ಅಂಕಿಯನ್ನು ಬಲ್ಲವರಿಗೆ ಊರಿನವರು ಕಲ್ಲಿಗಿಟ್ಟ ಹೆಸರು ತಿಳಿಯದು.

ಮೊದಲು ಕಲ್ಲಿನ ವಿಚಾರವನ್ನೇ ನೋಡಬೇಕು. ಶಾಸನವನ್ನು ಬರೆಯಿಸಿದವರು ಅದನ್ನು ಓದುವವರು ವಿರಳವೆಂಬುದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸಿದರು. ದತ್ತಿಯು ಆಚಂದ್ರಾರ್ಕವಾಗಿ ನಡೆಯತಕ್ಕುದೆಂಬುದು ಅಕ್ಷರ ಬಾರದವನಿಗೂ ಅದರಿಂದ ತಿಳಿಯುತ್ತಿತ್ತು. ಲಿಂಗ, ಕರುವಿಗೆ ಹಾಲೂಡುವ ಹಸು, ವೈಷ್ಣವ ದತ್ತಿಯಾದರೆ ಶಂಖಚಕ್ರ ಅಥವಾ ವಾಮನನ ಆಕೃತಿ, ಜೈನ ದತ್ತಿಯಾದರೆ ಮುಕ್ಕೊಡೆ, ಇವೆಲ್ಲ ಓದುವ ಗುರುತುಗಳಲ್ಲ, ನೋಡುವ ಗುರುತುಗಳು. ಧರ್ಮವನ್ನು ಕೆಡಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪವು ಅಕ್ಷರದಲ್ಲಿದ್ದರೂ ಅದರ ಭಯವು ಅಕ್ಷರಸ್ಥರಿಗೆ ಮಾತ್ರ ಮೀಸಲಾಗಿರಲಿಲ್ಲ. ವೀರಗಲ್ಲುಗಳಲ್ಲಿ ಈ ನೋಟದ ಕಲೆಯು ಇನ್ನೂ ಮುಂದುವರಿಯಿತು. ಕೆಳಗಣ ಪಟ್ಟಿಕೆಯಲ್ಲಿ ಹೋರಾಟ ಇಲ್ಲವೆ ತುರುಗೊಳ್. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುವುದು. ಮೇಲೆ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿರುವುದು. ಕಣ್ಣು ಕೆಳಗಿನಿಂದ ಮೇಲಕ್ಕೆ ಚಲಿಸಿದಂತೆ ನೋಡುವವನು ಈ ಲೋಕದಿಂದ ಆ ಲೋಕಕ್ಕೆ ಸಾಗುತ್ತಾನೆ. ಸತ್ತವನನ್ನು ಸಾಯದವನನ್ನಾಗಿ ಕಾಣಿಸುವ ಈ ಏರ್ಪಾಟು ಒಂದು ಬಗೆಯ ಮಾಯಾದರ್ಶನವೇ ಸರಿ. ಅದನ್ನು ಕಂಡ ಹಳ್ಳಿಯ ತರುಣನು ಮುಂದೊಂದು ದಿನ ತುರುಗಳಿಗಾಗಿ ಕತ್ತಿ ಹಿಡಿಯಬೇಕೆಂಬುದೇ ಅದರ ಉದ್ದೇಶವೂ ಆಗಿತ್ತು.

ಕಾಲಾನಂತರದಲ್ಲಿ ಲಿಪಿಯು ಬದಲಾಯಿತು, ಓದುವವರು ಇಲ್ಲವಾದರು, ಆದರೆ ಕಲ್ಲು ಕೆಲಸವನ್ನು ಬಿಡಲಿಲ್ಲ. ವೀರಗಲ್ಲು ಅನೇಕ ಊರುಗಳಲ್ಲಿ ಗ್ರಾಮದೇವತೆಯ ಪರಿವಾರಕ್ಕೆ ಸೇರಿ ಅರಿಸಿನ ಕುಂಕುಮಗಳನ್ನು ಪಡೆಯಿತು. ಬರಹದ ಕಲ್ಲನ್ನು ಕೆಲವೆಡೆ 'ಯಂತ್ರದ ಕಲ್ಲು' ಎಂದು ಕರೆದರು. ದನಗಳಿಗೆ ಬೇನೆ ಬಂದಾಗ ಅದಕ್ಕೆ ನೀರೆರೆದು ಪೂಜಿಸುವ ಪದ್ಧತಿಯೂ ಬೆಳೆಯಿತು. ಅರ್ಥವಾಗದ ಅಕ್ಷರಕ್ಕೆ ಅರ್ಥವಾಗುವ ಅಕ್ಷರಕ್ಕಿಂತ ಹೆಚ್ಚಿನ ಶಕ್ತಿಯುಂಟೆಂಬ ಈ ನಂಬಿಕೆಯಿಂದ ಎಷ್ಟೋ ಕಲ್ಲುಗಳು ಉಳಿದುವೆಂಬುದನ್ನು ಮರೆಯಬಾರದು. ಅದೇ ನಂಬಿಕೆಯ ಇನ್ನೊಂದು ಮುಖದಿಂದ, ಎಂದರೆ ಬರಹವು ನಿಧಿಯ ಗುರುತೆಂಬ ಭ್ರಮೆಯಿಂದ, ಎಷ್ಟೋ ಕಲ್ಲುಗಳನ್ನು ಅಗೆದು ಒಡೆದದ್ದೂ ಉಂಟು.

ಈ ಕಲ್ಲುಗಳನ್ನು ಕಾಗದಕ್ಕೆ ಇಳಿಸುವ ಮೊದಲನೆಯ ದೊಡ್ಡ ಪ್ರಯತ್ನವು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನಡೆಯಿತು. ಆ ಮುತ್ತಿಗೆಯಲ್ಲಿ ಇಂಜಿನಿಯರನಾಗಿದ್ದ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ನೇಮಕಗೊಂಡು, ಸುಮಾರು ಹತ್ತು ವರ್ಷ ನಡೆದ ಆ ಕಾರ್ಯದ ಜೊತೆಯಲ್ಲಿಯೇ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಹಾಕಿದನು. ಆದರೆ ಕಲ್ಲಿನ ಮುಂದೆ ಕುಳಿತವನು ಅವನಲ್ಲ. ಕಾವಲಿ ವೆಂಕಟ ಬೊರ್ರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತನಾದ ಧರ್ಮಯ್ಯ ಮೊದಲಾದವರು. ಇವರ ಸಾಧನವು ಕಣ್ಣು, ಕೈ, ಲೇಖನಿ ಇಷ್ಟೆ. ಕಣ್ಣಿಗೆ ಕಂಡುದನ್ನು ಕೈಯು ಬರೆಯುವ ಮೊದಲು ನಡುವೆ ಬುದ್ಧಿಯು ಅದನ್ನು ಓದಿಬಿಡುತ್ತದೆ. ಹಾಳಾದ ಅಕ್ಷರವನ್ನು ಊಹೆಯು ತುಂಬುತ್ತದೆ. ಪಂಡಿತನಾದವನ ನಕಲಿನಲ್ಲಿ ಕಲ್ಲಿಗಿಂತ ಶುದ್ಧವಾದ ಸಂಸ್ಕೃತವಿರುವುದಕ್ಕೂ, ಪಂಡಿತನಲ್ಲದವನ ನಕಲಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಲ್ಲಿಗೆ ಹೆಚ್ಚು ನಿಷ್ಠವಾಗಿರುವುದಕ್ಕೂ ಇದೇ ಕಾರಣ.

ಇದೇ ಸಮಯದಲ್ಲಿ ಲಂಡನ್ ನಗರದಲ್ಲಿ ಮೈಸೂರಿನ ಮತ್ತೊಂದು ಪ್ರತಿಕೃತಿಯು ಸಿದ್ಧವಾಯಿತೆಂಬುದನ್ನು ಇಲ್ಲಿ ಪ್ರಸ್ತಾಪಿಸುವುದು ಅಪ್ರಕೃತವಾಗಲಾರದು. ನೋಡುವವನನ್ನು ನಡುವೆ ನಿಲ್ಲಿಸಿ ಸುತ್ತಲೂ ಚಿತ್ರವನ್ನು ಹರಡುವ 'ಪ್ಯಾನೊರಮ' ಎಂಬ ಉಪಾಯಕ್ಕೆ ರಾಬರ್ಟ್ ಬಾರ್ಕರನು 1787ರಲ್ಲಿ ಹಕ್ಕುಪತ್ರವನ್ನು ಪಡೆದಿದ್ದನು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಶ್ರೀರಂಗಪಟ್ಟಣದ ಲಗ್ಗೆಯನ್ನು 120 ಅಡಿ ಉದ್ದದ ಅರೆವೃತ್ತದ ಪರದೆಯ ಮೇಲೆ ಬರೆದು ಲೈಸಿಯಂ ಮಂದಿರದಲ್ಲಿ ಪ್ರದರ್ಶಿಸಿದನು. ಜನರು ತಂಡತಂಡವಾಗಿ ಹೋಗಿ ನೋಡಿ, ತಾವು ಕಾವೇರಿಯ ದಡದಲ್ಲಿಯೇ ನಿಂತಂತೆ ಭಾವಿಸಿದರು. ಪೋರ್ಟರನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಯುದ್ಧದ ವರದಿಗಳನ್ನೂ ಅಧಿಕಾರಿಗಳ ರೂಪರೇಖೆಗಳನ್ನೂ ಆಧರಿಸಿ ಬರೆದವನು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಅಂತ್ಯವನ್ನು ಇಂಗ್ಲೆಂಡಿನ ಒಂದು ತಲೆಮಾರು ಹೀಗೆ ಕಾಣದವನ ಕಣ್ಣಿನಿಂದ ಕಂಡಿತು. ಆ ಪರದೆಯು ಮುಂದೆ ನಾಶವಾಯಿತು, ಅದರ ಕೊರೆಯಚ್ಚಿನ ಪ್ರತಿಗಳು ಮಾತ್ರ ಉಳಿದುವು. ಒಂದೆಡೆ ಹೊಲದ ಕಲ್ಲನ್ನು ಅಕ್ಷರಶಃ ಬರೆದುಕೊಳ್ಳುತ್ತಿದ್ದ ಬೊರ್ರಯ್ಯ, ಇನ್ನೊಂದೆಡೆ ಕಾಣದ ಕೋಟೆಯನ್ನು ಕಣ್ಣಿಗೆ ಕಟ್ಟಿಸುತ್ತಿದ್ದ ಪೋರ್ಟರ್, ಇಬ್ಬರೂ ಒಂದೇ ವರ್ಷಗಳಲ್ಲಿ ಒಂದೇ ಸೀಮೆಯನ್ನು ದೂರದವರ ಕೈಗೆ ಒಪ್ಪಿಸುತ್ತಿದ್ದರು. ಯಾರ ಪ್ರತಿಯು ಹೆಚ್ಚು ನಂಬಿಕೆಯನ್ನು ಹುಟ್ಟಿಸಿತೆಂದು ಕೇಳಿದರೆ ಉತ್ತರವು ಬೊರ್ರಯ್ಯನಿಗೆ ಅನುಕೂಲವಾಗಿರುವುದಿಲ್ಲ.

ಮುಂದಿನ ಸಾಧನವು ಛಾಯಾಚಿತ್ರ. ಮೈಸೂರಿನ ಕಮೀಷನರಾಗಿದ್ದ ಬೌರಿಂಗ್ ಸಾಹೇಬರ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಸಂಸ್ಥಾನದಲ್ಲಿ ಸಂಚರಿಸಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ರೈಸ್ ಸಾಹೇಬರು ಈ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥವನ್ನು ಹೊರಡಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1878ರಲ್ಲಿ, ಮುಂಬಯಿ ಇಲಾಖೆಯಲ್ಲಿದ್ದ ಫ್ಲೀಟ್ ಸಾಹೇಬರೂ ಕನ್ನಡ ಶಾಸನಗಳ ಛಾಯಾಚಿತ್ರಗಳ ಸಂಗ್ರಹವೊಂದನ್ನು ಪ್ರಕಟಿಸಿದ್ದರು. ಸೂರ್ಯಕಿರಣವೇ ಬರೆದ ಈ ಪ್ರತಿಯಲ್ಲಿ ಮನುಷ್ಯನ ಬುದ್ಧಿಯ ಕೈವಾಡವಿಲ್ಲವೆಂದು ಆಗ ಜನರು ನಂಬಿದರು. ಆದರೆ ವಾಸ್ತವವು ಹಾಗಿರಲಿಲ್ಲ. ಸವೆದ ಕಲ್ಲು ಚಿತ್ರದಲ್ಲಿ ಮೂಡುವುದಿಲ್ಲವಾದುದರಿಂದ ಚಿತ್ರ ತೆಗೆಯುವ ಮುನ್ನ ಅಕ್ಷರಗಳಿಗೆ ಬಿಳಿಯ ಬಣ್ಣವನ್ನೋ ಸೀಮೆಸುಣ್ಣವನ್ನೋ ತುಂಬುವ ಪದ್ಧತಿಯಿತ್ತು. ತುಂಬುವವನು ತಾನು ಅಕ್ಷರವೆಂದು ಭಾವಿಸಿದ ಗೆರೆಯನ್ನೇ ತುಂಬುತ್ತಾನಲ್ಲದೆ ಮತ್ತೊಂದನ್ನು ತುಂಬಲಾರನು. ಹೀಗೆ ನಕಲುಗಾರನ ಊಹೆಯು ಲೇಖನಿಯಿಂದ ಹೊರಬಿದ್ದು ಕಲ್ಲಿನ ಮೇಲೆಯೇ ಕುಳಿತುಕೊಂಡು, ಸೂರ್ಯಕಿರಣದ ಸಾಕ್ಷಿಯನ್ನೂ ಪಡೆಯಿತು.

ಪಡಿಯಚ್ಚಿನ ವಿಧಾನವು ಇದಕ್ಕಿಂತ ಉತ್ತಮವಾದುದು. ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಡುಸಾದ ಕೂದಲಿನ ಕುಂಚದಿಂದ ಬಡಿದರೆ ಕಾಗದವು ಅಕ್ಷರದ ಹಳ್ಳಗಳೊಳಕ್ಕೆ ಇಳಿಯುತ್ತದೆ. ಬಳಿಕ ಮಸಿಯ ಮೆತ್ತೆಯಿಂದ ಮೃದುವಾಗಿ ಒತ್ತಿದರೆ ಮೇಲ್ಮೈ ಕಪ್ಪಾಗಿ, ಹಳ್ಳಕ್ಕಿಳಿದ ಭಾಗವು ಬೆಳ್ಳಗೆ ಉಳಿಯುತ್ತದೆ. ಇಲ್ಲಿ ಕಾಗದವು ಕಲ್ಲನ್ನು ಮುಟ್ಟಿರುತ್ತದೆ, ಅಳತೆಯು ಯಥಾವತ್ತಾಗಿರುತ್ತದೆ. ವಿದ್ವಾಂಸನು ಕಲ್ಲಿದ್ದಲ್ಲಿಗೆ ಹೋಗುವ ಬದಲು ಕಲ್ಲೇ ಸುರುಳಿಯಾಗಿ ವಿದ್ವಾಂಸನ ಮೇಜಿಗೆ ಬಂದಂತಾಯಿತು. ಆದರೂ ಒಂದು ನಷ್ಟವಾಯಿತು. ಪಡಿಯಚ್ಚಿಗೆ ಆಳವಿಲ್ಲ. ಉಳಿಯ ಏಟೂ, ಕಾಲಾನಂತರದ ಬಿರುಕೂ, ನೇಗಿಲು ತಾಗಿದ ಗೀರೂ, ಎಲ್ಲವೂ ಕಾಗದದ ಮೇಲೆ ಒಂದೇ ಬಿಳುಪಾಗಿ ಕಾಣುತ್ತವೆ. ಅಕ್ಷರದ ಆಚೆಗಿರುವ ಸೂರ್ಯಚಂದ್ರರೂ ಹಸುಕರುಗಳೂ ಅಪ್ಸರೆಯರೂ ಬಹುವೇಳೆ ಅಚ್ಚಿಗೆ ಬಾರದೆ ಹೋದುವು. ಶಾಸನವೆಂದರೆ ಪಂಕ್ತಿಗಳು ಮಾತ್ರವೆಂಬ ಭಾವನೆಯು ವಿದ್ವತ್ಪ್ರಪಂಚದಲ್ಲಿ ಬೇರೂರಿದುದಕ್ಕೆ ಮೇಜಿನ ಮೇಲಿದ್ದ ಈ ಕಾಗದವೂ ಒಂದು ಕಾರಣವೆನ್ನಬಹುದು. ಊರಿನವರು ಓದದೆ ನೋಡುತ್ತಿದ್ದರು. ವಿದ್ವಾಂಸರು ನೋಡದೆ ಓದಲಾರಂಭಿಸಿದರು.

ಪ್ರತಿಯನ್ನು ನಂಬುವುದು ಎಷ್ಟರಮಟ್ಟಿಗೆ ಎಂಬ ಪ್ರಶ್ನೆಯು ತೀವ್ರವಾದುದು ಗಂಗರ ತಾಮ್ರಪಟಗಳ ವಿಷಯದಲ್ಲಿ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಇಂದು ಸಣ್ಣ ಊರು. ಇದೇ ಗಂಗ ದೊರೆಯಾದ ಶ್ರೀಪುರುಷನ ಮಾನ್ಯಪುರವೆಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಮಾತು. ಅವನ ದೇವರಹಳ್ಳಿಯ ತಾಮ್ರಪಟವು, ಎಂದರೆ ಶಕವರ್ಷ 698ರ, ಕ್ರಿ. ಶ. 776ರ ದಾನಪತ್ರವು, ಮಾನ್ಯಪುರದ ಬೀಡಿನಿಂದ ಹೊರಟಿದೆ. ಮಣ್ಣೆಯಲ್ಲಿಯೇ ದೊರೆತ ತಾಮ್ರಪಟಗಳಲ್ಲಿ ಒಂದು ಗಂಗ ಮಾರಸಿಂಹನ ಕಾಲದ ಶಕವರ್ಷ 719ಕ್ಕೂ, ಮತ್ತೊಂದು ರಾಷ್ಟ್ರಕೂಟರ ಕಾಲದ ಶಕವರ್ಷ 724ಕ್ಕೂ ಸೇರಿವೆ. ಇವೆರಡೂ ಅಲ್ಲಿದ್ದ ಜೈನ ಬಸದಿಯ ದತ್ತಿಗೆ ಸಂಬಂಧಿಸಿದವು. ಈ ಊರಿಗೆ ಒಂದು ಕಾಲದಲ್ಲಿ ರಾಜಧಾನಿಯ ಗೌರವವಿತ್ತೆಂದು ಹೇಳುವುದಕ್ಕೆ ಕಪಿಲೇಶ್ವರ ಸೋಮೇಶ್ವರ ದೇವಾಲಯಗಳ ಅವಶೇಷಗಳೊಡನೆ ಇಂತಹ ತಗಡುಗಳೇ ಆಧಾರ.

ಫ್ಲೀಟ್ ಸಾಹೇಬರು ಗಂಗರ ತಾಮ್ರಪಟಗಳಲ್ಲಿ ಅನೇಕವು ಕೃತಕವಾದವೆಂದು ವಾದಿಸಿದರು. ಲಿಪಿಯ ರೂಪ, ತಿಥಿಯ ಗಣನೆ, ವಂಶಾವಳಿಯ ವಿಸ್ತಾರ, ಇವು ಅವರ ಒರೆಗಲ್ಲುಗಳು. ಅವರು ಬಹುಮಟ್ಟಿಗೆ ಶಿಲಾಮುದ್ರಣದ ಪ್ರತಿಕೃತಿಗಳನ್ನು ಮುಂದಿಟ್ಟುಕೊಂಡು ಅಕ್ಷರಗಳನ್ನು ತೂಗಿದರು. ರೈಸ್ ಸಾಹೇಬರು ನಾಡಿನಲ್ಲಿಯೇ ಹುಟ್ಟಿ ಬೆಳೆದು ಕಲ್ಲುಗಳ ನಡುವೆ ಓಡಾಡಿದವರು. ಅವರು ಶಿಲಾಶಾಸನಗಳ ಸಾಕ್ಷ್ಯವನ್ನು ಮುಂದುಮಾಡಿ ಪಟಗಳ ಪರವಾಗಿ ನಿಂತರು. ಈ ವಾದವು ದಶಕಗಳ ಕಾಲ ನಡೆಯಿತು. ಕಡೆಗೆ, 1915ರಲ್ಲಿ, ಪೆನುಕೊಂಡೆಯ ತಾಮ್ರಪಟವನ್ನು ಪರಿಶೀಲಿಸಿದ ಫ್ಲೀಟರೇ ಅದು ನಿಜವಾದ ಗಂಗಶಾಸನವೆಂದು ಒಪ್ಪಿದರು. ಇದರಿಂದ ಅವರ ಸಂಶಯಗಳೆಲ್ಲ ವ್ಯರ್ಥವಾದುವೆಂದಾಗಲಿ, ರೈಸರು ಹೇಳಿದುದೆಲ್ಲ ನಿಂತಿತೆಂದಾಗಲಿ ಭಾವಿಸಬಾರದು. ಕೆಲವು ಪಟಗಳ ಮೇಲಿನ ಆಕ್ಷೇಪಣೆಗಳು ಇಂದಿಗೂ ಉತ್ತರ ಪಡೆದಿಲ್ಲ. ಪ್ರಕೃತ ಮುಖ್ಯವಾದುದು ಇಷ್ಟು: ಸುಳ್ಳು ಶಾಸನವು ಆಧುನಿಕರ ಆವಿಷ್ಕಾರವಲ್ಲ. 'ಕೂಟಶಾಸನ'ವೆಂಬ ಮಾತು ನಮ್ಮ ಧರ್ಮಶಾಸ್ತ್ರಗಳಿಗೆ ಪರಿಚಿತವಾದುದೇ. ಹರ್ಷವರ್ಧನನು ಮಧುಬನದ ತಾಮ್ರಪಟದಲ್ಲಿ ಒಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಕಿತ್ತು ಬೇರೆಯವರಿಗೆ ಕೊಟ್ಟುದಾಗಿ ಹೇಳಿಕೊಂಡಿದ್ದಾನೆ. ತಾಮ್ರವು ಬೆಂಕಿಗೂ ನೀರಿಗೂ ಹೆದರದಿದ್ದರೂ ಅಕ್ಕಸಾಲಿಯ ಉಳಿಗೆ ಹೆದರಲೇಬೇಕು. ಸಾಧನವು ಎಷ್ಟು ನಂಬಿಕೆಯನ್ನು ಗಳಿಸುತ್ತದೆಯೋ ಅಷ್ಟೇ ಅದರಿಂದ ವಂಚಿಸುವ ಲಾಭವೂ ಬೆಳೆಯುತ್ತದೆ.

ಇನ್ನು ಬಿಂಬದ ವಿಚಾರ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಒಂದೇ ಶಿಲೆಯಲ್ಲಿ ಎರಡು ಮೂರ್ತಿಗಳುಂಟು. ಏಳು ಹೆಡೆಯ ಸರ್ಪರೂಪದ ಸುಬ್ರಹ್ಮಣ್ಯನು ಪೂರ್ವಾಭಿಮುಖನಾಗಿಯೂ ಅದರ ಬೆನ್ನಿಗೆ ಲಕ್ಷ್ಮೀನರಸಿಂಹನು ಪಶ್ಚಿಮಾಭಿಮುಖನಾಗಿಯೂ ಇದ್ದಾರೆ. ಎದುರಿಗೆ ನಿಂತ ಭಕ್ತನಿಗೆ ಸುಬ್ರಹ್ಮಣ್ಯನು ಮಾತ್ರ ಕಾಣತಕ್ಕವನು. ಆದುದರಿಂದ ಗರ್ಭಗೃಹದ ಹಿಂಭಾಗದಲ್ಲಿ ಕನ್ನಡಿಯನ್ನಿಟ್ಟು ನರಸಿಂಹನ ದರ್ಶನಕ್ಕೆ ಅವಕಾಶ ಮಾಡಿದ್ದಾರೆ. ಕನ್ನಡಿಯಲ್ಲಿ ಕಾಣುವ ಇಂತಹ ರೂಪಕ್ಕೆ ಭೌತಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವವರು 'ಮಿಥ್ಯಾಬಿಂಬ'ವೆಂದು ಹೆಸರಿಟ್ಟಿದ್ದಾರೆ; ಕಿರಣಗಳು ಕನ್ನಡಿಯ ಆಚೆಯಿಂದ ಬರುವಂತೆ ತೋರುತ್ತವೆಯೇ ಹೊರತು ಅಲ್ಲಿ ವಸ್ತುವಿಲ್ಲವೆಂಬುದು ಅದರ ಅರ್ಥ. ಆದರೆ ಪುಷ್ಯ ಮಾಸದ ಷಷ್ಠಿಯ ರಥೋತ್ಸವಕ್ಕೂ ದನಗಳ ಜಾತ್ರೆಗೂ ಬಂದು ಕೈಮುಗಿಯುವ ರೈತನು ತಾನು ಮಿಥ್ಯೆಗೆ ಕೈಮುಗಿದೆನೆಂದು ಎಣಿಸುವುದಿಲ್ಲ. ಮೂರ್ತಿಯು ಅಲ್ಲಿದೆ, ತಾನು ನಿಂತ ಸ್ಥಳದಿಂದ ಅದು ಕಾಣದು, ಕನ್ನಡಿಯು ಅದನ್ನು ಕಾಣಿಸುತ್ತದೆ. ಅವನ ತರ್ಕದಲ್ಲಿ ದೋಷವಿಲ್ಲ. ಬಿಂಬವು ಮಿಥ್ಯೆಯಾದರೂ ಅದು ತೋರಿಸುವ ವಸ್ತುವು ಮಿಥ್ಯೆಯಲ್ಲ.

ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ಕನ್ನಡಿಗಳ ಮೂಲಕ ತೋರಿಸಿದರೆ ಮನಸ್ಸು ಅವನ್ನು ಕೂಡಿಸಿ ಆಳವುಳ್ಳ ಒಂದೇ ವಸ್ತುವನ್ನಾಗಿ ಕಾಣುವುದೆಂದು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಎಂಬವನು ಈ ತತ್ತ್ವವನ್ನು ಕಂಪ್ಯೂಟರಿಗೆ ಜೋಡಿಸಿ, ತಲೆಗೆ ತೊಡುವ ಉಪಕರಣವನ್ನು ನಿರ್ಮಿಸಿದನು; ತಲೆಯು ತಿರುಗಿದಂತೆ ಚಿತ್ರವೂ ಬದಲಾಗುತ್ತಿತ್ತು. ಅದು ಬಹಳ ಭಾರವಾಗಿದ್ದುದರಿಂದ ಛಾವಣಿಯಿಂದ ತೂಗುಹಾಕಬೇಕಾಗಿತ್ತು. 1980ರ ದಶಕದಲ್ಲಿ ಈ ವಿದ್ಯೆಗೆ 'ವರ್ಚುವಲ್ ರಿಯಾಲಿಟಿ' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಕನ್ನಡದಲ್ಲಿ ಅದನ್ನು 'ಮಿಥ್ಯಾವಾಸ್ತವ'ವೆಂದು ಕರೆಯುವವರುಂಟು. ಈ ಪದವನ್ನು ರಚಿಸಿದವರು ಬಲ್ಲರೋ ಇಲ್ಲವೋ, 'ಮಿಥ್ಯೆ' ಎಂಬುದಕ್ಕೆ ನಮ್ಮ ವೇದಾಂತಿಗಳಲ್ಲಿ ಬರಿಯ ಸುಳ್ಳೆಂಬ ಅರ್ಥವಿಲ್ಲ. ಹಗ್ಗದಲ್ಲಿ ತೋರಿದ ಹಾವು ಇದೆಯೆನ್ನುವಂತೆಯೂ ಇಲ್ಲ, ಇಲ್ಲವೆನ್ನುವಂತೆಯೂ ಇಲ್ಲ; ಕಂಡವನ ಎದೆ ಹೊಡೆದುಕೊಂಡುದಂತೂ ನಿಜ. ಪದವು ಈ ಕಾರಣದಿಂದ ಅದರ ಇಂಗ್ಲಿಷ್ ಮೂಲಕ್ಕಿಂತ ಹೆಚ್ಚು ಅರ್ಥವತ್ತಾಗಿದೆ.

ದೊಡ್ಡಬಳ್ಳಾಪುರದ ನೇಕಾರರಿಗೆ ಈ ಯಂತ್ರವಿದ್ಯೆಯ ಪೂರ್ವಜನು ಅಪರಿಚಿತನಲ್ಲವೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ರೇಷ್ಮೆಯ ಸೆರಗಿನ ಮೇಲೆ ಹೂಬಳ್ಳಿಗಳನ್ನು ಎಬ್ಬಿಸುವ ಜಕಾರ್ಡ್ ಮಗ್ಗವು 1804ರ ಸುಮಾರಿನಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಅದೇ ಕಾರ್ಡಿನ ಉಪಾಯವನ್ನು ಬ್ಯಾಬೇಜನು ತನ್ನ ಗಣಕಯಂತ್ರದ ಯೋಜನೆಗೆ ಎತ್ತಿಕೊಂಡನು. ತೂತು ಇದೆ ಅಥವಾ ಇಲ್ಲ ಎಂಬ ಎರಡೇ ಮಾತುಗಳಿಂದ ನವಿಲನ್ನು ನೇಯಬಹುದಾದರೆ ವೀರಗಲ್ಲನ್ನೂ ನೇಯಬಹುದು.

ಹಾಗೆ ನೇಯುವ ಕೆಲಸವು ಈ ಜಿಲ್ಲೆಯಲ್ಲಿಯೇ ನಡೆದಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯ ಯೋಜನೆಯನ್ನು ಪಿ. ಎಲ್. ಉದಯಕುಮಾರ ಅವರ ನಾಯಕತ್ವದಲ್ಲಿ ಕೈಗೊಂಡಿತು. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಈ ಮೂರು ಜಿಲ್ಲೆಗಳ ಶಾಸನಗಳನ್ನು ಊರೂರಿಗೆ ಹೋಗಿ ಹುಡುಕಿ, ಸ್ಕ್ಯಾನರ್ ಯಂತ್ರದಿಂದ ಅಳೆದು, ಕಲ್ಲಿನ ಮೇಲ್ಮೈಯನ್ನೆಲ್ಲ ಏರುತಗ್ಗುಗಳೊಡನೆ ಕಂಪ್ಯೂಟರಿನಲ್ಲಿ ಮೂಡಿಸುವುದು ಅದರ ಉದ್ದೇಶ. ಇಂತಹ ಯಂತ್ರಗಳು ಬೆಳಕನ್ನು ಕಲ್ಲಿನ ಮೇಲೆ ಬೀರಿ, ಮೇಲ್ಮೈಯಲ್ಲಿ ಅದು ಎಲ್ಲೆಲ್ಲಿ ಹೇಗೆ ಬಾಗುವುದೆಂಬುದನ್ನು ಕ್ಯಾಮರಾಗಳಿಂದ ಗ್ರಹಿಸಿ, ಲಕ್ಷಾಂತರ ಬಿಂದುಗಳ ಸ್ಥಾನವನ್ನು ಗಣಿಸುತ್ತವೆ. ಊರಿನವರ 'ಯಂತ್ರದ ಕಲ್ಲಿ'ಗೆ ಹೀಗೆ ನಿಜವಾಗಿಯೇ ಯಂತ್ರದ ಸಹವಾಸವಾಯಿತು.

ಇದರ ಲಾಭವು ಸಾಮಾನ್ಯವಾದುದಲ್ಲ. ಶಾಸನವನ್ನು ಓದುವವರು ಸಂಜೆಯ ಓರೆಬಿಸಿಲಿಗೆ ಕಾಯುವುದೂ, ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಅಕ್ಷರದ ಮೇಲೆ ಅಡ್ಡಲಾಗಿ ಬೀಳಿಸುವುದೂ ಹಳೆಯ ಪದ್ಧತಿ. ಮೂರು ಆಯಾಮದ ಪ್ರತಿಯಲ್ಲಿ ಬೆಳಕನ್ನು ಯಾವ ದಿಕ್ಕಿನಿಂದ ಬೇಕಾದರೂ ಬೀಳಿಸಬಹುದು. ಸಂಜೆಯು ಮುಗಿಯುವುದೇ ಇಲ್ಲ. ಪಡಿಯಚ್ಚು ಕಳೆದುಕೊಂಡಿದ್ದ ಆಳವು ಮರಳಿ ಬಂದುದರಿಂದ ಉಳಿಯ ಏಟನ್ನೂ ಕಾಲದ ಬಿರುಕನ್ನೂ ಬೇರ್ಪಡಿಸಲು ಸಾಧ್ಯವಾಯಿತು. ಸೂರ್ಯಚಂದ್ರರೂ ಅಪ್ಸರೆಯರೂ ಪಂಕ್ತಿಗಳೊಡನೆ ಒಂದೇ ಪ್ರತಿಯಲ್ಲಿ ಸೇರಿದರು. ರೈಸ್ ಸಾಹೇಬರ ಕಾಲದಲ್ಲಿ ಸವೆದುದೆಂದು ಚುಕ್ಕೆಗಳನ್ನಿಟ್ಟು ಬಿಟ್ಟಿದ್ದ ಸ್ಥಳಗಳನ್ನು ಮತ್ತೆ ಓದಿನೋಡುವ ದಾರಿಯು ತೆರೆಯಿತು. ಬಿಡಿಬಿಡಿಯಾಗಿ ಅಕ್ಷರಗಳ ರೂಪಗಳನ್ನು ಕಲ್ಲಿನಿಂದಲೇ ಆಯ್ದು ಕೂಡಿಸುವುದೂ ಆ ಕಾರ್ಯದ ಒಂದು ಅಂಗವಾಗಿದೆ. ಲಿಪಿಶಾಸ್ತ್ರವನ್ನು ಬೋಧಿಸುವವರಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.

ಆದರೆ ಯಂತ್ರವು ಕಾಣಿಸುವುದೇ ಹೊರತು ಓದುವುದಿಲ್ಲ. ಹಳಗನ್ನಡದ ಕಂಡರಣೆಗಾರನು ಎಕಾರ ಒಕಾರಗಳಲ್ಲಿ ಹ್ರಸ್ವದೀರ್ಘಗಳನ್ನು ಬೇರೆ ಬೇರೆಯಾಗಿ ಗುರುತಿಸಲಿಲ್ಲ. ಅವನು ಕೆತ್ತದ ಭೇದವನ್ನು ಯಾವ ಬೆಳಕೂ ತೋರಿಸಲಾರದು. ಅಲ್ಲಿ ಛಂದಸ್ಸೂ ವ್ಯಾಕರಣವೂ ಊರಿನ ಉಚ್ಚಾರಣೆಯೂ ಕೈಹಿಡಿಯಬೇಕು. ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಸ್ಕ್ಯಾನರಿನ ಬೆಳಕು ತಲುಪದ ಸಂದುಗಳಲ್ಲಿ ಪ್ರತಿಯು ಖಾಲಿಯಾಗಿ ಉಳಿಯುತ್ತದೆ. ಆ ತೆರಪುಗಳನ್ನು ಅ‌ಕ್ಕಪಕ್ಕದ ಬಿಂದುಗಳನ್ನನುಸರಿಸಿ ತುಂಬುವ ಉಪಾಯಗಳು ತಂತ್ರಾಂಶದಲ್ಲಿಯೇ ಇರುತ್ತವೆ. ಒರಟುತನವನ್ನು ನಯಗೊಳಿಸುವ ಉಪಾಯಗಳೂ ಇರುತ್ತವೆ. ನಯಗೊಳಿಸುವಾಗ ತೆಳುವಾದ ತಲೆಕಟ್ಟು ಅಳಿಸಿಹೋಗಬಹುದು. ತುಂಬುವಾಗ ಇಲ್ಲದ ಗೆರೆಯು ಮುಂದುವರಿಯಬಹುದು. ಪಂಡಿತನು ತುಂಬಿದ್ದರೆ ಅವನ ಪಾಂಡಿತ್ಯದ ವಾಸನೆಯಾದರೂ ಸಿಗುತ್ತಿತ್ತು. ಗಣಿತವು ತುಂಬಿದುದಕ್ಕೆ ವಾಸನೆಯಿಲ್ಲ. ಬೊರ್ರಯ್ಯನ ಲೇಖನಿಯಿಂದ ಡಿಕ್ಸನ್ನನ ಕಾಲದ ಸೀಮೆಸುಣ್ಣಕ್ಕೆ ಸರಿದ ಊಹೆಯು ಇಲ್ಲಿ ಮೂರನೆಯ ವೇಷವನ್ನು ತಾಳುತ್ತದೆ. ಕಲ್ಲಿರುವವರೆಗೆ ಇದು ದೊಡ್ಡ ತೊಡಕಲ್ಲ, ಹೋಗಿ ನೋಡಬಹುದು. ಆದುದರಿಂದಲೇ ಯಂತ್ರವು ಮೊದಲು ಗ್ರಹಿಸಿದ ಬಿಂದುಗಳನ್ನು ತಿದ್ದದೆ ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವಷ್ಟೇ ಅವಶ್ಯವಾದ ಸಂಪಾದನಧರ್ಮವಾಗಿದೆ.

ಕಲ್ಲು ಇರುವವರೆಗೆ ಎಂದುದಕ್ಕೆ ಕಾರಣವುಂಟು. ದೇವನಹಳ್ಳಿಯಲ್ಲಿ ಸುಮಾರು 4000 ಎಕರೆಯ ವಿಮಾನನಿಲ್ದಾಣವು 2008ರ ಮೇ ತಿಂಗಳಿನಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಸುತ್ತಲಿನ ಹೊಲಗದ್ದೆಗಳ ಎಲ್ಲೆಗಳೇ ಬದಲಾಗಿವೆ. ಎಲ್ಲೆಯನ್ನು ತಿಳಿಸುವುದಕ್ಕಾಗಿಯೇ ನೆಟ್ಟ ಕಲ್ಲುಗಳಿಗೆ ಎಲ್ಲೆಯಿಲ್ಲದಂತಾಯಿತು. ಒಂಬತ್ತನೆಯ ಸಂಪುಟದಲ್ಲಿ ಸಂಖ್ಯೆ ಪಡೆದ ಕಲ್ಲುಗಳಲ್ಲಿ ಕೆಲವು ಬಡಾವಣೆಗಳ ಬುನಾದಿಯಲ್ಲಿಯೂ ರಸ್ತೆಗಳ ಅಡಿಯಲ್ಲಿಯೂ ಕಾಣೆಯಾಗಿವೆ; ಅವುಗಳ ಪಾಲಿಗೆ ರೈಸರ ಅಚ್ಚಿನ ಪಾಠವೇ ಈಗ ಮೂಲ. ಅದೇ ವಿಮಾನನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ಪ್ರಯಾಣಿಕನ ಮುಖವನ್ನೇ ಯಂತ್ರವು ನೋಡಿ ಗುರುತಿಸುವ ವ್ಯವಸ್ಥೆಯು ಜಾರಿಗೆ ಬಂದಿದೆ. ತಾನಾರೆಂಬುದಕ್ಕೆ ಮನುಷ್ಯನು ತನ್ನ ಊರನ್ನೂ ಕುಲವನ್ನೂ ಹೇಳುತ್ತಿದ್ದ ಕಾಲದಿಂದ, ಅವನ ಮುಖದ ಅಳತೆಯೇ ಉತ್ತರ ಹೇಳುವ ಕಾಲಕ್ಕೆ ಈ ನೆಲವು ಬಂದು ನಿಂತಿದೆ.

ಆದರೂ ಊರಿನ ಗುರುತನ್ನು ಜನರು ಕೈಬಿಟ್ಟಿಲ್ಲ. ಅದಕ್ಕೆ ಹೊಸ ಆಧಾರವನ್ನು ಹುಡುಕುತ್ತಿದ್ದಾರೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲವನ್ನಗೆಯುವಾಗ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ, ಕಿಟ್ಟಯ್ಯನ ವೀರಗಲ್ಲು ದೊರೆತಾಗ ಅಲ್ಲಿಯ ನಿವಾಸಿಗಳೇ ಅದನ್ನು ಕಾಪಾಡಲು ಮುಂದೆ ಬಂದರು. ತಮ್ಮದು ನಿನ್ನೆ ಮೊನ್ನೆಯ ಬಡಾವಣೆಯಲ್ಲ, ಹನ್ನೆರಡು ಶತಮಾನಗಳಿಗೂ ಹಿಂದೆ ವೀರನು ಬಿದ್ದ ನೆಲವೆಂಬ ಅರಿವು ಅವರಿಗೆ ಆ ಕಲ್ಲಿನಿಂದ ಉಂಟಾಯಿತು. ದೇವನಹಳ್ಳಿಯ ಕಡೆಯಲ್ಲಿಯೂ ಹೀಗೆಯೇ. ಆವತಿಯ ರಣಭೈರೇಗೌಡನೂ ಅವನ ಸೋದರರೂ ಕಂಚಿಯ ಕಡೆಯಿಂದ ಬಂಡಿಗಳಲ್ಲಿ ಬಂದರೆಂಬ ಐತಿಹ್ಯವು ತಲೆತಲಾಂತರದಿಂದ ಬಾಯಲ್ಲಿದೆ. 'ಆವತಿನಾಡ ಪ್ರಭು' ಎಂಬ ಬಿರುದು ಶಾಸನದಲ್ಲಿದೆ. ಐತಿಹ್ಯಕ್ಕೆ ಶಾಸನವು ಒತ್ತಾಸೆಯಾದಾಗ ಹಿಗ್ಗುವ ಜನರು, ಅದು ವಿರೋಧವಾದಾಗ ಕಲ್ಲನ್ನೇ ಸಂಶಯಿಸುವುದುಂಟು. ಪುಸ್ತಕದಲ್ಲಿ ಅಚ್ಚಾಗಿದ್ದಾಗ ಯಾರೂ ಕೇಳದಿದ್ದ ಮಾತು ದೂರವಾಣಿಯ ತೆರೆಯ ಮೇಲೆ ಕಲ್ಲಿನ ರೂಪದಿಂದ ತಿರುಗಿ ಕಂಡಾಗ ಚರ್ಚೆಗೆ ಬರುತ್ತದೆಂಬುದು ಗಮನಿಸತಕ್ಕ ವಿಷಯ. ಹೆಸರಿನ ಮಮತೆಯೂ ಇದರೊಡನೆ ಸೇರಿದೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಈ ಜಿಲ್ಲೆಗೆ 'ಬೆಂಗಳೂರು ಉತ್ತರ'ವೆಂದು ಹೆಸರಿಡಲು ಒಪ್ಪಿಗೆ ನೀಡಿತು. ಮಾನ್ಯಪುರವು ಮಣ್ಣೆಯಾದ, ದೇವನದೊಡ್ಡಿಯು ದೇವನಹಳ್ಳಿಯಾದ ನೆಲದಲ್ಲಿ ಹೆಸರು ಬದಲಾಗುವುದು ಹೊಸತಲ್ಲ. ಹಿಂದೆ ಅದಕ್ಕೆ ಶತಮಾನಗಳು ಹಿಡಿಯುತ್ತಿದ್ದುವು.

ಕಡೆಯದಾಗಿ ಒಂದು ವಿಷಯ. ಪೂಜೆಗೊಳ್ಳುತ್ತಿರುವ ಶಾಸನದ ಕಲ್ಲುಗಳನ್ನು ಅಳೆಯುವಾಗ ಅವುಗಳ ಮೇಲೆ ಎಣ್ಣೆ, ಅರಿಸಿನ, ಸುಣ್ಣ, ಈಚೆಗೆ ಬಳಿದ ಎನಾಮಲ್ ಬಣ್ಣ ಪದರಪದರವಾಗಿ ಕುಳಿತಿರುತ್ತವೆ. ಊರಿನವರ ಒಪ್ಪಿಗೆಯಿದ್ದಲ್ಲಿ ಇದನ್ನು ತೊಳೆದು ತೆಗೆಯುತ್ತಾರೆ. ಇಲ್ಲದಲ್ಲಿ ಹಾಗೆಯೇ ಅಳೆಯಬೇಕಾಗುತ್ತದೆ. ಯಂತ್ರಕ್ಕೆ ಶಿಲೆಯಾವುದು, ಅದರ ಮೇಲಣ ಲೇಪವಾವುದು ಎಂಬ ಭೇದ ತಿಳಿಯದು. ಅಕ್ಷರದ ಹಳ್ಳದಲ್ಲಿ ಅರ್ಧ ತುಂಬಿದ ಅರಿಸಿನವನ್ನೂ ಅದು ಕಲ್ಲೆಂದೇ ಎಣಿಸಿ ಬರೆದಿಡುತ್ತದೆ. ಲಿಪಿಶಾಸ್ತ್ರಜ್ಞನಿಗೆ ಅದು ಅಡ್ಡಿ. ಆದರೆ ಅಳೆದ ದಿನದವರೆಗೆ ಆ ಕಲ್ಲಿನ ಮುಂದೆ ಎಷ್ಟು ಮಂದಿ ಕೈಯೊಡ್ಡಿ ನಿಂತಿದ್ದರೆಂಬುದಕ್ಕೆ ಆ ಪದರದ ದಪ್ಪವೊಂದೇ ಬರಹದಲ್ಲಿಲ್ಲದ ಲೆಕ್ಕ.